ಮೊದಲು ಕೇಸ್ ಶೀಟ್ ಕೇಳು

ಆಸ್ಪತ್ರೆಯಲ್ಲಿ ತನ್ನವರನ್ನು ಕಳೆದುಕೊಂಡ ತಮ್ಮನಿಗೆ,

ಡಾಕ್ಟರ ಮೇಲೆ ಪೊಲೀಸ್ ಕೇಸು ಹಾಕಿಸಲೇಬೇಕು ಎಂದು ನಿನ್ನ ಮನಸ್ಸು ಕುದಿಯುತ್ತಿರಬಹುದು. ಆ ಸಿಟ್ಟು ತಪ್ಪಲ್ಲ. ಆದರೆ ಠಾಣೆಗಿಂತ ಮೊದಲು ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗು. ಅರ್ಜಿ ಬರೆದುಕೊಡು, ನಕಲಿನ ಮೇಲೆ ಸೀಲು ಹಾಕಿಸಿಕೋ, ಪೂರ್ತಿ ಕೇಸ್ ಶೀಟ್ ಕೇಳು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಡಿಸ್ಚಾರ್ಜ್ ಸಮ್ಮರಿ ಕೊಟ್ಟು ಸಾಗಹಾಕಿದರೆ ಒಪ್ಪಬೇಡ. ಅದು ಎಲ್ಲ ಮುಗಿದ ಮೇಲೆ ಬರೆದದ್ದು. ನಿನಗೆ ಬೇಕಾದದ್ದು ಆಯಾ ಹೊತ್ತಿಗೆ ಬರೆದದ್ದು: ನರ್ಸ್‌ಗಳ ಚಾರ್ಟು, ಡಾಕ್ಟರು ಔಷಧಿ ಬರೆದ ಹಾಳೆ, ಆಪರೇಷನ್ ಟಿಪ್ಪಣಿ, ಒಪ್ಪಿಗೆ ಪತ್ರ. ಚಾರ್ಟಿನಲ್ಲಿ ರಾತ್ರಿ ಹನ್ನೊಂದಕ್ಕೆ ನಾಡಿ 96, ಎರಡಕ್ಕೆ 134, ಪಕ್ಕದಲ್ಲಿ ‘ಡ್ಯೂಟಿ ಡಾಕ್ಟರಿಗೆ ತಿಳಿಸಿದೆ’ ಎಂದಿದೆ, ಡಾಕ್ಟರ ಹಾಳೆಯಲ್ಲಿ ಬೆಳಗಿನ ಆರರವರೆಗೆ ಒಂದಕ್ಷರವೂ ಇಲ್ಲ ಎಂದಿಟ್ಟುಕೋ. ನಿನ್ನ ಪ್ರಕರಣ ನಿಲ್ಲುವುದು ಆ ನಾಲ್ಕು ಗಂಟೆಯ ಖಾಲಿ ಜಾಗದ ಮೇಲೆ. ಸಾವೊಂದೇ ನಿರ್ಲಕ್ಷ್ಯಕ್ಕೆ ಪುರಾವೆಯಾಗದು. ಸಾಮಾನ್ಯ ತಿಳಿವಳಿಕೆಯ ಯಾವ ವೈದ್ಯರೂ ಮಾಡುತ್ತಿದ್ದುದನ್ನು ಇಲ್ಲಿ ಮಾಡಲಿಲ್ಲ ಎಂದು ತೋರಿಸಬೇಕು.

ಠಾಣೆಯ ದಾರಿ ಎಷ್ಟು ಇಕ್ಕಟ್ಟು ಎಂಬುದು 2005ರ ಜೇಕಬ್ ಮ್ಯಾಥ್ಯೂ ತೀರ್ಪನ್ನು ಓದಿದರೆ ಗೊತ್ತಾಗುತ್ತದೆ. ಉಸಿರಿಗಾಗಿ ಒದ್ದಾಡುತ್ತಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿ ಇತ್ತೆಂಬುದು ಅಲ್ಲಿನ ದೂರು. ಆದರೂ ಸುಪ್ರೀಂ ಕೋರ್ಟ್ ಡಾಕ್ಟರ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು ರದ್ದುಮಾಡಿತು. ಶಿಕ್ಷೆಯಾಗಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು ಎಂದ ಕೋರ್ಟು, ಸಿಲಿಂಡರಿನ ವಿಚಾರದಲ್ಲಿ ಆಸ್ಪತ್ರೆ ಸಿವಿಲ್ ಕಾನೂನಿನಡಿ ಹೊಣೆಯಾಗಬಹುದು ಎಂದೂ ಹೇಳಿತು. ಆ ಹೊಣೆಯನ್ನು ಕೇಳುವ ಜಾಗ ಗ್ರಾಹಕರ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ಅರ್ಥದಲ್ಲಿ ‘ಸೇವೆ’ ಎಂದು 1995ರಲ್ಲೇ ತೀರ್ಮಾನವಾಗಿದೆ. ವಿಮೆ ಕಂಪನಿ ಬಿಲ್ಲು ಕಟ್ಟಿದ್ದರೂ ಅಷ್ಟೇ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಮಾತ್ರ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡು. ಅದು ವೈದ್ಯರ ಮೇಲೆ ಶಿಸ್ತು ಕ್ರಮ ಕೈಗೊಳ್ಳಬಹುದು, ಪರಿಹಾರ ಕೊಡಿಸಲಾರದು.

ಡಾಕ್ಟರ ವಿರುದ್ಧ ಇನ್ನೊಬ್ಬ ಡಾಕ್ಟರು ಸಾಕ್ಷಿ ಹೇಳುತ್ತಾರೆಯೇ ಎಂದು ಎಲ್ಲರೂ ನಿನ್ನ ಧೈರ್ಯಗೆಡಿಸುತ್ತಾರೆ. ಕಷ್ಟ ನಿಜ. ಆದರೆ ಮಲೇರಿಯಾಕ್ಕೆ ಟೈಫಾಯ್ಡ್ ಔಷಧಿ ಕೊಟ್ಟ ಪ್ರಕರಣವೊಂದರಲ್ಲಿ, ಪ್ರತಿಯೊಂದಕ್ಕೂ ತಜ್ಞರ ಅಭಿಪ್ರಾಯ ಬೇಕಿಲ್ಲ, ತಪ್ಪು ಮೇಲ್ನೋಟಕ್ಕೇ ಕಾಣುತ್ತಿದ್ದರೆ ಸಾಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೂಕ್ಷ್ಮ ಪ್ರಕರಣವಾದರೆ ಮಾತ್ರ ಬೇರೆ ಊರಿನ ನಿವೃತ್ತ ತಜ್ಞರಿಗೆ ಕೇಸ್ ಶೀಟ್ ತೋರಿಸು. ಅವರು ನಿರ್ಲಕ್ಷ್ಯ ಕಾಣುವುದಿಲ್ಲ ಎಂದರೆ ಆ ಮಾತನ್ನೂ ಕೇಳಿಸಿಕೊಳ್ಳುವ ಮನಸ್ಸಿರಲಿ. ಹೀಗೆ ಕೇಸು ಹಾಕುತ್ತ ಹೋದರೆ ವೈದ್ಯರು ಹೆದರಿ ಗಂಭೀರ ರೋಗಿಗಳನ್ನು ಮುಟ್ಟುವುದೇ ಇಲ್ಲ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ವೈದ್ಯರನ್ನು ಹೆದರಿಸುವುದು ಗಲಾಟೆ, ಗಾಜು ಒಡೆಯುವುದು, ಬಂಧನದ ಭಯ. ದಾಖಲೆ ಹಿಡಿದು ಕೇಳುವ ಪ್ರಶ್ನೆಗೆ ಸರಿಯಾಗಿ ಬರೆದಿಟ್ಟ ವೈದ್ಯರು ಅದೇ ದಾಖಲೆಯಿಂದ ಉತ್ತರ ಕೊಡಬಲ್ಲರು.

ಕಾಲದ ವಿಷಯದಲ್ಲಿ ನಿನಗೆ ಸುಳ್ಳು ಭರವಸೆ ಕೊಡಲಾರೆ. ಸ್ವತಃ ವೈದ್ಯರಾದ ಕುನಾಲ್ ಸಾಹಾ 1998ರಲ್ಲಿ ಕೋಲ್ಕತ್ತದ ಚಿಕಿತ್ಸೆಯ ನಂತರ ತೀರಿಕೊಂಡ ಪತ್ನಿಗಾಗಿ ಹೋರಾಡಿ, ಸುಮಾರು 6 ಕೋಟಿ ರೂಪಾಯಿ ಪರಿಹಾರದ ಅಂತಿಮ ತೀರ್ಪು ಪಡೆದದ್ದು 2013ರಲ್ಲಿ. ಸತ್ತವರ ಹೆಸರಲ್ಲಿ ದುಡ್ಡು ಕೇಳುವುದೇ ಎಂದು ನೆಂಟರು ಅಂದರೆ ಕುಗ್ಗಬೇಡ. ದುಡಿಯುವ ಕೈ ಹೋದ ಮನೆಗೆ ಮಕ್ಕಳ ಫೀಸು, ಸಾಲದ ಕಂತು ನಿಲ್ಲುವುದಿಲ್ಲ. ಆದರೆ ದಿನ ಎಣಿಸುತ್ತಿರು: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು, ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟರೆ ಸಾಕು. ತಿಥಿಯ ಕಾರ್ಯ ಮುಗಿಯಲಿ ಎಂದು ಕಾಯದೆ, ಕೇಸ್ ಶೀಟಿನ ಅರ್ಜಿಯನ್ನು ಈ ವಾರವೇ ಕೊಟ್ಟು ಬಾ.

ನಿನ್ನ ಹಿರಿಯ ಹಿತೈಷಿ