ಬಾಣಂತಿ, ಕೂಸು ಮತ್ತು ಹೆದರಿಸದ ಆಸ್ಪತ್ರೆ



ತಾಯಿ ಮಗು ಚೆನ್ನಾಗಿರಬೇಕಾದರೆ ಊರ ಹತ್ತಿರ ಆಸ್ಪತ್ರೆ ಇದ್ದರೆ ಸಾಕೇ? ಸಾಲದು. ಜನ ಹೆದರದೆ ಒಳಗೆ ಹೋಗುವಂತೆ ಅದನ್ನು ಕಟ್ಟಿರಬೇಕು. ಹೋಗಲು ಆಗದವರ ಮನೆಗೆ ಆರೈಕೆಯೇ ಬರಬೇಕು. ಇದಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆ ಒಳ್ಳೆಯ ಉದಾಹರಣೆ.

ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1986ರಿಂದ ಅಲ್ಲಿ ಕೆಲಸ ಮಾಡುತ್ತಿದ್ದಾರೆ. ಅದು ಗೊಂಡ ಜನರಿರುವ ಕಾಡಿನ ಜಿಲ್ಲೆ.

1) ಆಸ್ಪತ್ರೆಯ ರೂಪ: ಜನ ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಅಂತ ಇವರು ಜನರನ್ನೇ ಕೇಳಿದರು. ದೊಡ್ಡ ಕಟ್ಟಡ ಕಂಡರೆ ಭಯ ಅಂದರು. ಹೆಣಕ್ಕೆ ಹೊದಿಸುವುದು ಬಿಳಿ ಬಟ್ಟೆ, ಡಾಕ್ಟರು ನರ್ಸು ಹಾಕುವುದೂ ಬಿಳಿ ಬಟ್ಟೆ, ಅದಕ್ಕೂ ಭಯ ಅಂದರು. ಆಗ ಗೊಂಡರ ಹಳ್ಳಿಯ ಹಾಗೆ ಗುಡಿಸಲು ಗುಡಿಸಲಾಗಿ ಆಸ್ಪತ್ರೆ ಕಟ್ಟಿದರು. ರೋಗಿಯ ಜೊತೆ ಮನೆಯವರೂ ಇರಬಹುದು. ಹೆಸರು ಕೂಡ ಅವರ ದೇವಿ ದಂತೇಶ್ವರಿಯದೇ.

ನಮ್ಮಜ್ಜಿಯ ಎರಡು ಕೂಸುಗಳು ತಿಂಗಳು ತುಂಬುವ ಮೊದಲೇ ತೀರಿಕೊಂಡವಂತೆ. "ಆಸ್ಪತ್ರೆ ಅಂದ್ರೆ ಹೆದರಿಕೆ ಕಣೋ, ದೂರ ಬೇರೆ" ಅನ್ನುತ್ತಾರೆ. ಗೊಂಡರು ಹೇಳಿದ್ದೂ ಇದನ್ನೇ.

2) ಉಸಿರು ಎಣಿಸುವ ಮಣಿ: ನ್ಯುಮೋನಿಯಾ ಬಂದ ಕೂಸಿಗೆ ಉಸಿರು ಜೋರಾಗುತ್ತದೆ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ಅಪಾಯ. ಆದರೆ ಓದು ಬಾರದ ಸೂಲಗಿತ್ತಿ ಅಷ್ಟು ಎಣಿಸುವುದು ಹೇಗೆ? ಅವರಿಗಾಗಿ ಮಣಿಚೌಕಟ್ಟಿನಂಥ ಒಂದು ಸಾಧನ ಮಾಡಿದರು. ಜೊತೆಗೆ ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವುದರೊಳಗೆ ಕೆಂಪು ಮಣಿ ಸರಿದರೆ ಔಷಧಿ ಬೇಕು ಎಂದರ್ಥ.

3) ಮನೆ ಬಾಗಿಲಿಗೆ ಆರೈಕೆ: 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟರು. ಅವರು ಕೂಸಿನ ತೂಕ ನೋಡುತ್ತಿದ್ದರು, ಬೆಚ್ಚನೆಯ ಚೀಲದಲ್ಲಿ ಮಲಗಿಸುತ್ತಿದ್ದರು, ಎದೆಹಾಲು ಕುಡಿಸಲು ತಾಯಿಗೆ ಹೇಳಿಕೊಡುತ್ತಿದ್ದರು, ನಂಜಾದರೆ ಇಂಜೆಕ್ಷನ್ ಕೊಡುತ್ತಿದ್ದರು. ಮೊದಲು ಹುಟ್ಟಿದ 1000 ಕೂಸುಗಳಲ್ಲಿ 62 ಕೂಸುಗಳು 28 ದಿನದೊಳಗೆ ಸಾಯುತ್ತಿದ್ದವು. 1998ರ ಹೊತ್ತಿಗೆ ಅದು ಸುಮಾರು 25ಕ್ಕೆ ಇಳಿಯಿತು.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ? 2011ರಿಂದ ಭಾರತದಾದ್ಯಂತ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ನಮ್ಮ ಅತ್ತಿಗೆ ಬಾಣಂತಿಯಾದಾಗ ಆಶಾ ಅಕ್ಕ ತಕ್ಕಡಿ ತಂದು ಪಾಪುವಿನ ತೂಕ ನೋಡಿದ್ದನ್ನು ನಾನೇ ಕಂಡಿದ್ದೇನೆ.

ನೆನಪಿಡಿ: ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ, ಫಿಟ್ಸ್ ಬಂದರೆ ತಡಮಾಡಬೇಡಿ. ಆಶಾ ಅಕ್ಕನಿಗೆ ತಿಳಿಸಿ, 108ಕ್ಕೆ ಫೋನ್ ಮಾಡಿ.

ಉತ್ತರ ಹೇಳಿ:
1. ಮರಳು ಮುಗಿಯುವುದರೊಳಗೆ ಐದು ಮಣಿ ಸರಿದರೆ ಎಷ್ಟು ಉಸಿರು?
2. ನಮ್ಮೂರಿನಿಂದ ಹೆರಿಗೆ ಆಸ್ಪತ್ರೆಗೆ ಎಷ್ಟು ದೂರ? ರಾತ್ರಿ ಹೋಗುವುದು ಹೇಗೆ? ಮನೆಯಲ್ಲಿ ಕೇಳಿಕೊಂಡು ಬನ್ನಿ.

– 7ನೇ ತರಗತಿ ವಿದ್ಯಾರ್ಥಿ