ಹೊಗೆರಹಿತ ತಂಬಾಕು ಮತ್ತು ಬಾಯಿಯ ಕ್ಯಾನ್ಸರ್: ಸಾಕ್ಷ್ಯಗಳ ಒಂದು ಪರಿಶೋಧನೆ

ನಮ್ಮ ಸಂಸ್ಥೆಯ ಸದಸ್ಯರಾದ ಸಗಟು ವರ್ತಕರೊಬ್ಬರು ಇತ್ತೀಚೆಗೆ ನನ್ನ ಕಚೇರಿಗೆ ಬಂದಿದ್ದರು. ಕಿರಾಣಿ ವ್ಯಾಪಾರದ ಜೊತೆಗೆ ಜಗಿಯುವ ತಂಬಾಕಿನ ವಿತರಣೆಯನ್ನೂ ವಹಿಸಿಕೊಳ್ಳಬೇಕೆಂಬ ಪ್ರಸ್ತಾಪ ಅವರ ಮುಂದಿತ್ತು. ಮಾರಾಟ ಪ್ರತಿನಿಧಿಯು ಕೊಟ್ಟುಹೋಗಿದ್ದ ಟಿಪ್ಪಣಿಯಲ್ಲಿ, ಹೊಗೆರಹಿತ ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಉಂಟಾಗುತ್ತದೆಂಬುದು ಇನ್ನೂ ವಿವಾದಾಸ್ಪದ ವಿಷಯವೆಂದೂ, ಸ್ವೀಡನ್ ದೇಶದ ಅಧ್ಯಯನಗಳು ಅದನ್ನು ಅಲ್ಲಗಳೆದಿವೆಯೆಂದೂ ಬರೆದಿತ್ತು. "ಆಡಿಟರೇ, ಇದು ನಿಜವೋ ಸುಳ್ಳೋ ಹೇಳಿಬಿಡಿ. ಸುಳ್ಳಾದರೆ ಎಷ್ಟು ಮಾರ್ಜಿನ್ ಕೊಟ್ಟರೂ ನನಗೆ ಬೇಡ" ಎಂದರು.

ನಾನು ವೈದ್ಯನಲ್ಲ. ಆದರೆ ಒಂದು ಹೇಳಿಕೆಗೆ ಆಧಾರವಾಗಿ ಒದಗಿಸಲಾದ ಸಾಕ್ಷ್ಯವು ಆ ಹೇಳಿಕೆಯನ್ನು ಸಮರ್ಥಿಸುತ್ತದೆಯೇ ಎಂದು ನೋಡುವುದು ಲೆಕ್ಕಪರಿಶೋಧಕನ ನಿತ್ಯದ ಕೆಲಸ. ಪರಿಶೋಧಕನು ಮೊದಲು ತನ್ನ ಹಿತಾಸಕ್ತಿಯನ್ನು ಘೋಷಿಸಬೇಕಾದ್ದರಿಂದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಆರ್ಟಿಕಲ್ ಕ್ಲರ್ಕ್ ಆಗಿದ್ದ ಕಾಲದಲ್ಲಿ ನನಗೆ ಲೆಡ್ಜರ್ ತಾಳೆ ಹಾಕುವುದನ್ನು ಕಲಿಸಿದ ಹಿರಿಯ ಗುಮಾಸ್ತರು ಬೆಳಗಿನಿಂದ ಸಂಜೆಯವರೆಗೆ ಎಡಗೆನ್ನೆಯಲ್ಲಿ ಕಡ್ಡಿಪುಡಿ, ಸುಣ್ಣ ಇರಿಸಿಕೊಂಡಿರುತ್ತಿದ್ದರು. ಅದೇ ಕೆನ್ನೆಯಲ್ಲಿ ಹುಣ್ಣಾಯಿತು. ನಿವೃತ್ತಿಯ ವಯಸ್ಸನ್ನು ಅವರು ಕಾಣಲಿಲ್ಲ. ಇದೊಂದು ಉದಾಹರಣೆಯಿಂದ ಯಾವುದೂ ಸಿದ್ಧವಾಗುವುದಿಲ್ಲ. ಆದರೂ ಬರೆಯುವವನ ಮನಸ್ಸು ಯಾವ ಕಡೆಗೆ ವಾಲಿರಬಹುದೆಂಬುದು ಓದುಗರಿಗೆ ತಿಳಿದಿರಲಿ.

ಪ್ರತಿನಿಧಿಯ ಟಿಪ್ಪಣಿಯಲ್ಲಿ ಸ್ವೀಡನ್ ಬಗ್ಗೆ ಹೇಳಿರುವುದು ಪೂರ್ಣ ಸುಳ್ಳಲ್ಲ ಎಂಬುದೇ ಈ ವಿಷಯದ ತೊಡಕು. ಅಲ್ಲಿ 'ಸ್ನೂಸ್' ಎಂಬ ತೇವದ ತಂಬಾಕನ್ನು ಮೇಲ್ದುಟಿಯ ಒಳಗೆ ಇಟ್ಟುಕೊಳ್ಳುತ್ತಾರೆ. 1998ರಲ್ಲಿ ಪ್ರಕಟವಾದ ಎರಡು ಸ್ವೀಡಿಷ್ ಅಧ್ಯಯನಗಳಲ್ಲಿ ಸ್ನೂಸ್ ಬಳಕೆಗೂ ಬಾಯಿಯ ಕ್ಯಾನ್ಸರಿಗೂ ಸ್ಪಷ್ಟ ಸಂಬಂಧ ಕಂಡುಬರಲಿಲ್ಲ. ಅಲ್ಲಿನ ಕಟ್ಟಡ ಕಾರ್ಮಿಕರನ್ನು ಕುರಿತ 2007ರ ಅಧ್ಯಯನದಲ್ಲಿಯೂ ಬಾಯಿಯ ಕ್ಯಾನ್ಸರ್ ಹೆಚ್ಚಿರಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮಾತ್ರ ಸುಮಾರು ಎರಡು ಪಟ್ಟು ಕಂಡುಬಂದಿತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಶ್ಲೇಷಣೆ ಆ ಎರಡು ಪಟ್ಟನ್ನೂ ದೃಢಪಡಿಸಲಿಲ್ಲ. ಇದಕ್ಕೆ ವಿರುದ್ಧವಾಗಿ 2008ರ ಇನ್ನೊಂದು ಸ್ವೀಡಿಷ್ ಅಧ್ಯಯನವು ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗಳನ್ನು ಒಟ್ಟಾಗಿ ನೋಡಿದಾಗ ಅಪಾಯ ಹೆಚ್ಚಿರುವುದನ್ನು ತೋರಿಸಿತು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಸಿಗರೇಟಿನ ಬದಲಿಗೆ ಬಳಸಿದಲ್ಲಿ ಬಾಯಿಯ ಕ್ಯಾನ್ಸರ್ ಮುಂತಾದವುಗಳ ಅಪಾಯ ಕಡಿಮೆ ಎಂದು ಹೇಳಿಕೊಳ್ಳಲು ಒಂದು ಸ್ವೀಡಿಷ್ ಸ್ನೂಸ್ ಬ್ರಾಂಡಿಗೆ ಅನುಮತಿಯನ್ನೂ ನೀಡಿತು. ಇಲ್ಲಿ "ಸಿಗರೇಟಿನ ಬದಲಿಗೆ" ಎಂಬ ಪದಗಳನ್ನು ಗಮನಿಸಬೇಕು. ಯಾವ ಅಭ್ಯಾಸವೂ ಇಲ್ಲದವನು ಇದನ್ನು ಆರಂಭಿಸಿದರೆ ಅಪಾಯವಿಲ್ಲವೆಂದು ಆ ಇಲಾಖೆ ಹೇಳಿಲ್ಲ. ಐರೋಪ್ಯ ಒಕ್ಕೂಟವಂತೂ 1992ರಲ್ಲಿಯೇ ಇಂತಹ ತಂಬಾಕಿನ ಮಾರಾಟವನ್ನು ನಿಷೇಧಿಸಿತ್ತು. 1995ರಲ್ಲಿ ಒಕ್ಕೂಟಕ್ಕೆ ಸೇರಿದ ಸ್ವೀಡನ್ನಿಗೆ ಮಾತ್ರ ವಿನಾಯಿತಿ ದೊರಕಿತು.

ಸ್ವೀಡನ್ನಿನ ಪುಸ್ತಕ ಹೀಗಿರುವಾಗ ನಮ್ಮ ಪುಸ್ತಕ ಏಕೆ ಬೇರೆಯಾಗಿದೆ? ಉತ್ತರವು ಉತ್ಪಾದನಾ ವಿಧಾನದಲ್ಲಿದೆ. ಸಣ್ಣ ಕೈಗಾರಿಕೆ ನಡೆಸುವ ಸದಸ್ಯರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತಂಬಾಕಿನ ಎಲೆಯನ್ನು ಒಣಗಿಸಿ, ಹುದುಗಿಸಿ, ದಾಸ್ತಾನು ಮಾಡುವಾಗ ಅದರಲ್ಲಿನ ನಿಕೋಟಿನ್ ಜಾತಿಯ ವಸ್ತುಗಳು ನೈಟ್ರೈಟ್‌ನೊಂದಿಗೆ ಸೇರಿ ನೈಟ್ರೋಸಮೀನ್‌ಗಳೆಂಬ ಕ್ಯಾನ್ಸರ್‌ಕಾರಕ ಸಂಯುಕ್ತಗಳು ಹುಟ್ಟುತ್ತವೆ. ನೈಟ್ರೈಟ್ ಉಂಟುಮಾಡುವುದು ಬಹುಮಟ್ಟಿಗೆ ಬ್ಯಾಕ್ಟೀರಿಯಾ. ಸ್ವೀಡನ್ನಿನಲ್ಲಿ ಹುದುಗಿಸುವ ಬದಲು, ಹಾಲನ್ನು ಪಾಶ್ಚರೀಕರಿಸುವಂತೆ ತಂಬಾಕನ್ನು ಬಿಸಿಗೆ ಒಳಪಡಿಸಿ, ಮಾಲನ್ನು ಅಂಗಡಿಯಲ್ಲಿಯೂ ಶೀತಲ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೀಗಾಗಿ ನೈಟ್ರೋಸಮೀನ್ ಪ್ರಮಾಣ ತಗ್ಗಿದೆ. ನಮ್ಮ ಖೈನಿ, ಜರ್ದಾಗಳ ಅನೇಕ ಮಾದರಿಗಳಲ್ಲಿ ಅದು ಬಹಳ ಹೆಚ್ಚು. ಸುಡಾನಿನ 'ತೂಂಬಾಕ್' ಎಂಬ ಮಾಲಿನಲ್ಲಿ ಇನ್ನೂ ಹೆಚ್ಚು. ಜೊತೆಗೆ ನಾವು ಸುಣ್ಣ ಬೆರೆಸುತ್ತೇವೆ, ಅಡಿಕೆ ಸೇರಿಸುತ್ತೇವೆ, ಕೆಲವರು ಮಲಗುವಾಗಲೂ ದವಡೆಯಲ್ಲಿಯೇ ಇಟ್ಟುಕೊಳ್ಳುತ್ತಾರೆ. ಒಂದು ಕಂಪನಿಯ ಒಂದು ಶಾಖೆ ಲಾಭದಲ್ಲಿದೆಯೆಂದು ಇನ್ನೊಂದು ಶಾಖೆಯ ನಷ್ಟವನ್ನು ಬ್ಯಾಲೆನ್ಸ್ ಶೀಟಿನಿಂದ ಅಳಿಸಲು ಯಾವ ಪರಿಶೋಧಕನೂ ಒಪ್ಪಲಾರ. ಪ್ರತಿನಿಧಿಯ ಟಿಪ್ಪಣಿ ಮಾಡಿರುವುದು ಇದನ್ನೇ.

ಇನ್ನು ನಮ್ಮ ಶಾಖೆಯ ಲೆಕ್ಕ. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಆಧಾರದ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಾಯಿಯ ಕ್ಯಾನ್ಸರ್‌ನ 348 ರೋಗಿಗಳನ್ನು, ಅದೇ ಬಡಾವಣೆಯ, ಅದೇ ವಯಸ್ಸಿನ, ಅದೇ ಲಿಂಗದ ಆರೋಗ್ಯವಂತರೊಂದಿಗೆ ಹೋಲಿಸಲಾಯಿತು. ತಂಬಾಕು ಸೇರಿದ ಎಲೆ-ಅಡಿಕೆ ಜಗಿಯುವ ಪುರುಷರಲ್ಲಿಯೂ ಸ್ತ್ರೀಯರಲ್ಲಿಯೂ ಅಪಾಯ ಹೆಚ್ಚಿತ್ತು. ಸ್ತ್ರೀಯರಲ್ಲಿ ಅದು ಬಹಳವೇ ಹೆಚ್ಚು. ಬಾಯಲ್ಲಿಟ್ಟುಕೊಂಡೇ ನಿದ್ರಿಸುವವರಲ್ಲಿಯೂ ಅಪಾಯ ಅಧಿಕವಾಗಿತ್ತು. ಆ ಸಮೂಹದಲ್ಲಿ ಧೂಮಪಾನದ ಪರಿಣಾಮ ಅಲ್ಪವಾಗಿತ್ತು, ಮದ್ಯವು ಪರಿಣಾಮ ಬೀರಿದಂತೆ ಕಾಣಲಿಲ್ಲ. "ಅವರು ಬೀಡಿಯನ್ನೂ ಸೇದುತ್ತಿದ್ದರು, ಕುಡಿಯುತ್ತಿದ್ದರು" ಎಂಬ ಸಾಮಾನ್ಯ ಆಕ್ಷೇಪಣೆಗೆ ಇದು ಸಾಕಷ್ಟು ಉತ್ತರ. ರಾಗಿ ಉಣ್ಣುವವರಲ್ಲಿ ಅಪಾಯ ಹೆಚ್ಚಿದ್ದುದೂ ಅದೇ ಅಧ್ಯಯನದಲ್ಲಿದೆ. ಮುದ್ದೆಯ ಅಭಿಮಾನಿಯಾದ ನನಗೆ ಬೇಸರವಾಯಿತಾದರೂ, ಜಗಿಯುವುದನ್ನು ಮುಂದುವರಿಸಲು ಅದು ಪರವಾನಗಿಯಲ್ಲ.

ಅಡಿಕೆಯೇ ಕಾರಣವಿರಬಾರದೇಕೆ, ತಂಬಾಕಿನ ಮೇಲೇಕೆ ಅಪವಾದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಡಿಕೆ ನಾಡಿನವರಾದ ನಮಗೆ ಇದರ ಉತ್ತರ ಹಿತವಾಗಿಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಆದರೆ ಇದರಿಂದ ತಂಬಾಕು ಬಿಡುಗಡೆ ಹೊಂದುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಸ್ತ್ರೀಯರು ಅಡಿಕೆಯನ್ನು ಕಂಡವರಲ್ಲ. ಒಣ ನಸ್ಯವನ್ನು ಬಾಯಲ್ಲಿಡುತ್ತಿದ್ದರು. 1981ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಧೂಮಪಾನ ಮಾಡದ ಬಿಳಿಯ ಸ್ತ್ರೀಯರಲ್ಲಿ ನಸ್ಯದಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅಪಾಯ ಸುಮಾರು ನಾಲ್ಕು ಪಟ್ಟಾಗಿತ್ತು. ನಸ್ಯ ತಗಲುವ ಒಸಡು, ಕೆನ್ನೆಯ ಒಳಭಾಗಗಳಲ್ಲಿ, ದೀರ್ಘಕಾಲ ಬಳಸಿದವರಿಗೆ, ಸುಮಾರು ಐವತ್ತು ಪಟ್ಟು. ಇನ್ನೊಂದು ಬಗೆಯ ಪರೀಕ್ಷೆಯೂ ಇದೆ: ಕಾರಣವೆಂದು ಹೇಳಿದ್ದನ್ನು ತೆಗೆದುಹಾಕಿ ನೋಡುವುದು. ಕೇರಳದ ಎರ್ನಾಕುಲಂ ಸೇರಿದಂತೆ ನಮ್ಮ ದೇಶದ ಗ್ರಾಮೀಣ ಭಾಗಗಳಲ್ಲಿ 36,000 ತಂಬಾಕು ಬಳಕೆದಾರರಿಗೆ ತಿಳಿವಳಿಕೆ ನೀಡಿ ನಡೆಸಿದ ಪ್ರಯೋಗದ ಫಲ 1986ರಲ್ಲಿ ಪ್ರಕಟವಾಯಿತು. ತಿಳಿವಳಿಕೆ ಪಡೆದು ಚಟ ತಗ್ಗಿದ ಎರ್ನಾಕುಲಂ ಸಮೂಹದಲ್ಲಿ, ಕ್ಯಾನ್ಸರಿಗೆ ಮುನ್ಸೂಚನೆಯಾದ ಬಿಳಿ ಮಚ್ಚೆಗಳು ಹೊಸದಾಗಿ ಕಾಣಿಸಿಕೊಳ್ಳುವುದೂ ತಗ್ಗಿತು. ಲಿಯಾನ್ ಸಂಸ್ಥೆಯ 2007ರ ಸಂಪುಟ ಹೊಗೆರಹಿತ ತಂಬಾಕು ಬಾಯಿಯ ಕ್ಯಾನ್ಸರಿಗೆ ಕಾರಣವೆಂದೇ ತೀರ್ಮಾನಿಸಿತು. 2012ರ ಸಂಪುಟ ಅದನ್ನು ಎತ್ತಿಹಿಡಿಯಿತು.

ಹಾಗಾದರೆ "ವಿವಾದ" ಎಂಬ ಪದ ಎಲ್ಲಿಂದ ಬಂತು? ಅದಕ್ಕೆ ನ್ಯಾಯಾಲಯದ ಒಂದು ಇತಿಹಾಸವಿದೆ. ಅಮೆರಿಕದ ಓಕ್ಲಹೋಮಾದಲ್ಲಿ ಶಾನ್ ಮಾರ್ಸೀ ಎಂಬ ಬಾಲಕ ಹನ್ನೆರಡನೆಯ ವಯಸ್ಸಿನಿಂದ ತೇವದ ನಸ್ಯವನ್ನು ಬಾಯಲ್ಲಿಡುತ್ತಿದ್ದ; ಶಾಲೆಯ ಓಟಗಾರನಾಗಿದ್ದ ಆತ ನಾಲಿಗೆಯ ಕ್ಯಾನ್ಸರ್‌ನಿಂದ 1984ರಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ತಾಯಿ ತಯಾರಕ ಕಂಪನಿಯ ಮೇಲೆ ದಾವೆ ಹೂಡಿದರು. ಕಾರಣ ಸಂಬಂಧ ವೈಜ್ಞಾನಿಕವಾಗಿ ಸಿದ್ಧವಾಗಿಲ್ಲವೆಂಬುದು ಕಂಪನಿಯ ವಾದ. 1986ರಲ್ಲಿ ಜ್ಯೂರಿಯು ಕಂಪನಿಯ ಪರ ತೀರ್ಪು ನೀಡಿತು. 1989ರಲ್ಲಿ ಮೇಲ್ಮನವಿಯೂ ವಜಾ ಆಯಿತು. ಒಬ್ಬ ವ್ಯಕ್ತಿಯ ಗಡ್ಡೆ ಈ ಡಬ್ಬಿಯಿಂದಲೇ ಬಂತೆಂದು ಸಾಧಿಸುವುದು ಬೇರೆ, ಸಾವಿರಾರು ಜನರಲ್ಲಿ ಅಪಾಯ ಏರುತ್ತದೆಂದು ಸಾಧಿಸುವುದು ಬೇರೆ. ಯಾವ ಗೋದಾಮಿಗೆ ಬೆಂಕಿ ಬೀಳುವುದೆಂದು ವಿಮಾ ಕಂಪನಿಗೆ ತಿಳಿಯದು. ಆದರೂ ಹತ್ತಿ ಗೋದಾಮಿಗೆ ಕಬ್ಬಿಣದ ಗೋದಾಮಿಗಿಂತ ಹೆಚ್ಚು ಪ್ರೀಮಿಯಂ ವಿಧಿಸುತ್ತದೆ. ದಾವೆ ಸೋತ ಅದೇ ವರ್ಷ ಅಮೆರಿಕದ ಸರ್ಜನ್ ಜನರಲ್ ವರದಿ ಹೊರಬಂದು, ಪೊಟ್ಟಣದ ಮೇಲೆ ಬಾಯಿಯ ಕ್ಯಾನ್ಸರ್ ಎಚ್ಚರಿಕೆಯನ್ನು ಕಡ್ಡಾಯಗೊಳಿಸುವ ಕಾನೂನೂ ಜಾರಿಗೆ ಬಂತು.

ನಮ್ಮಲ್ಲಿ ಮಹಾರಾಷ್ಟ್ರ 2002ರಲ್ಲಿ ಹೊರಡಿಸಿದ ಗುಟ್ಕಾ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ರದ್ದುಪಡಿಸಿತು. ರದ್ದಾದದ್ದು ರಾಜ್ಯದ ಅಧಿಕಾರಿಗೆ ಅಂತಹ ಅಧಿಕಾರವಿಲ್ಲವೆಂಬ ಕಾರಣದಿಂದಲೇ ಹೊರತು ಮಾಲು ನಿರಪಾಯಕರವೆಂದಲ್ಲ. ಗುಟ್ಕಾ ಆಹಾರವಲ್ಲವೆಂಬ ವಾದವನ್ನೂ ನ್ಯಾಯಾಲಯ ಒಪ್ಪಲಿಲ್ಲ. ಆಹಾರ ಪದಾರ್ಥಗಳಲ್ಲಿ ತಂಬಾಕು, ನಿಕೋಟಿನ್ ಇರಕೂಡದೆಂಬ ನಿಯಮ 2011ರಲ್ಲಿ ಬಂದ ಮೇಲೆ ರಾಜ್ಯಗಳು ಒಂದೊಂದಾಗಿ ಗುಟ್ಕಾ ನಿಷೇಧಿಸಿದವು. ಕರ್ನಾಟಕದ ಆದೇಶ 2013ರ ಮೇ ಅಂತ್ಯದ್ದು. ಅನಂತರ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ, ಜೋಡಿಯಾಗಿ ಅಂಗಡಿಗೆ ಬಂದದ್ದನ್ನು ಸದಸ್ಯರು ಬಲ್ಲರು. ಕಾನೂನಿನ ದೃಷ್ಟಿಯಿಂದ ಅದು ಏನೇ ಇರಲಿ, ಗ್ರಾಹಕನ ಕೆನ್ನೆಯಲ್ಲಿ ಎರಡೂ ಒಂದಾಗುತ್ತವೆ.

ನಮ್ಮ ವರ್ತಕರಿಗೆ ನಾನು ಇಷ್ಟನ್ನೂ ಹೇಳಿದೆ. ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟು, ಪ್ರಸ್ತಾಪವನ್ನು ನಿರಾಕರಿಸುವ ಪತ್ರವನ್ನು ನನ್ನ ಕಚೇರಿಯಲ್ಲಿಯೇ ಟೈಪ್ ಮಾಡಿಸಿಕೊಂಡು ಹೋದರು.

ಈಗಾಗಲೇ ಇಂತಹ ದಾಸ್ತಾನು ಹೊಂದಿರುವ ಸದಸ್ಯರು ಗಮನಿಸಬೇಕಾದ ಎರಡು ಅಂಶಗಳು. ನಿಷೇಧಿತ ಮಾಲು ಜಪ್ತಿಯಾಗಿ ನಾಶಗೊಂಡಲ್ಲಿ ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಪ್ರಕರಣದ ಪ್ರಕಾರ ಹಿಂದಿರುಗಿಸಬೇಕಾಗುತ್ತದೆ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ತೋರಿಸಲು ಬರುವುದಿಲ್ಲ. ಲೆಕ್ಕಪುಸ್ತಕದಲ್ಲಿ ಅದನ್ನು "ಇತರೆ ವೆಚ್ಚ"ದಲ್ಲಿ ಸೇರಿಸದೆ ಪ್ರತ್ಯೇಕ ಖಾತೆಯಲ್ಲಿ ಬರೆದಿಡತಕ್ಕದ್ದು.