ಕಛೇರಿಗೆ ಒಬ್ಬರೇ ಹೋಗುವವರಿಗೆ

"ಕಛೇರಿ ಕೇಳೋಕೆ ಹೋಗಬೇಕು ಅಂತ ತುಂಬಾ ಆಸೆ ಮೇಷ್ಟ್ರೇ, ಆದರೆ ಜೊತೆಗೆ ಬರೋರು ಯಾರೂ ಇಲ್ಲ." ದೊಡ್ಡ ವಯಸ್ಸಿನಲ್ಲಿ ಸಂಗೀತ ಕಲಿಯಲು ಬರುವವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತೇನೆ. ಬ್ಯಾಂಕಿನವರು, ಸಾಫ್ಟ್‌ವೇರ್‌ನವರು, ಮಕ್ಕಳು ದೊಡ್ಡವರಾದ ಮೇಲೆ ತಮಗೂ ಒಂದಿಷ್ಟು ಹೊತ್ತು ಸಿಕ್ಕಿದ ಗೃಹಿಣಿಯರು, ಎಲ್ಲರದೂ ಇದೇ ಮಾತು. ಅದರ ಹಿಂದೆ ಎರಡು ಹಿಂಜರಿಕೆಗಳಿವೆ. ಒಬ್ಬರೇ ಹೋಗಿ ಕೂತರೆ ನೋಡಿದವರು ಏನಂದುಕೊಳ್ಳುತ್ತಾರೋ ಎಂಬುದು ಒಂದು. ರಾಗ ತಾಳ ಗೊತ್ತಿಲ್ಲದೆ ಹೋಗಿ ಕೂತು ಏನು ತಿಳಿದೀತು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ಯಾವುದೇ ಸಭೆಯ ಕರ್ನಾಟಕ ಸಂಗೀತ ಕಛೇರಿಗೆ ಹೋಗಿ ಸುತ್ತ ಕಣ್ಣು ಹಾಯಿಸಿ. ಹೆಗಲಿಗೆ ಬಟ್ಟೆಚೀಲ ತೂಗುಹಾಕಿಕೊಂಡು ಒಬ್ಬೊಬ್ಬರೇ ಬಂದು, ತಮಗೆ ರೂಢಿಯಾದ ಮೂಲೆ ಹಿಡಿದು ಕೂತವರು ಎಷ್ಟೋ ಜನ ಕಾಣುತ್ತಾರೆ. ಸಿನಿಮಾಕ್ಕೆ ಒಬ್ಬರೇ ಹೋದರೆ ಅಕ್ಕಪಕ್ಕದವರು ತಿರುಗಿ ನೋಡಬಹುದು. ಇಲ್ಲಿ ಯಾರಿಗೂ ಅದಕ್ಕೆ ಪುರುಸೊತ್ತಿಲ್ಲ. ನನ್ನನ್ನು ಕೇಳಿದರೆ ಮೊದಲ ಕೆಲವು ಕಛೇರಿಗಳಿಗೆ ಒಬ್ಬರೇ ಹೋಗುವುದೇ ಒಳ್ಳೆಯದು. ಸಂಗೀತ ಬಾರದ ಗೆಳೆಯರನ್ನು ಕರೆದುಕೊಂಡು ಹೋದರೆ ಅವರಿಗೆ ಬೇಸರವಾಯಿತೇನೋ ಎಂದು ಅರ್ಧ ಗಮನ ಆ ಕಡೆಗೇ ಹೋಗುತ್ತದೆ. ಬರುವವರ ಜೊತೆ ಹೋದರೆ ಕಷ್ಟ ಇನ್ನೂ ಹೆಚ್ಚು. ಗಾಯಕರು ಬಾಯಿ ತೆರೆಯುವುದರೊಳಗೆ ಅವರು ನಿಮ್ಮ ಕಿವಿಯಲ್ಲಿ ರಾಗದ ಹೆಸರು ಉಸುರಿರುತ್ತಾರೆ, ಅದಾದ ಮೇಲೆ ನಿಮ್ಮ ಕಿವಿಗೆ ಕೆಲಸವೇ ಉಳಿಯುವುದಿಲ್ಲ.

ಎರಡನೆಯ ಹಿಂಜರಿಕೆಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲ ಸಲ ಎಲ್ಲಿಗೆ ಹೋಗುವುದು? ರಾಮನವಮಿಯ ಹೊತ್ತಿನ ಚಪ್ಪರಕ್ಕೆ ಹೋಗಿ ಎನ್ನುತ್ತೇನೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಆ ದಿನಗಳಲ್ಲಿ ಕಛೇರಿ ಇರುತ್ತದೆ, ಜೊತೆಗೆ ಪಾನಕ ಕೋಸಂಬರಿಯೂ ಉಂಟು. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಲಿ ನಡೆಸುವ ಉತ್ಸವ 1939ರಲ್ಲಿ ಶುರುವಾದದ್ದು. ದೇಶದ ಹೆಸರಾಂತ ವಿದ್ವಾಂಸರೆಲ್ಲ ಆ ಚಪ್ಪರದಡಿ ಹಾಡಿ ನುಡಿಸಿ ಹೋಗಿದ್ದಾರೆ. ಮೈಸೂರಿನವರಾದರೆ ಗಣೇಶನ ಹಬ್ಬಕ್ಕೆ ಕಾಯಿರಿ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ 1960ರ ದಶಕದಿಂದಲೂ ರಸ್ತೆಗೇ ಚಪ್ಪರ ಹಾಕಿ ಕಛೇರಿ ನಡೆಸುತ್ತಾರೆ. ಇಂಥ ಕಡೆ ಹೊಸಬರಿಗೆ ಒಂದು ಅನುಕೂಲವಿದೆ. ಅರ್ಧಕ್ಕೆ ಬರಬಹುದು, ಅರ್ಧಕ್ಕೆ ಎದ್ದು ಹೋಗಬಹುದು, ಯಾರೂ ಹುಬ್ಬೇರಿಸುವುದಿಲ್ಲ. ಚಪ್ಪರ ರೂಢಿಯಾದ ಮೇಲೆ ಸಭಾಂಗಣಗಳಿಗೆ ಹೋಗಿ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲಿದೆ. ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಮಲ್ಲೇಶ್ವರದ ಪಕ್ಕದಲ್ಲಿದೆ. ಟಿಕೆಟ್ಟಿನ ಕಛೇರಿಯಾದರೆ ಒಂಟಿಯಾಗಿ ಹೋಗುವವರಿಗೆ ಒಂದು ಲಾಭ ಇದ್ದೇ ಇದೆ: ಎರಡು ಸೀಟು ಒಟ್ಟಿಗೆ ಸಿಗದ ದಿನವೂ ನಡುವೆ ಒಂದು ಉಳಿದಿರುತ್ತದೆ.

ಚೌಡಯ್ಯನವರ ಹೆಸರು ಬಂತಲ್ಲ, ಎಲ್ಲಿ ಕೂರಬೇಕು ಎಂಬ ಮಾತಿಗೂ ಅವರೇ ದಾರಿ. ಮೈಕು ಇನ್ನೂ ರೂಢಿಗೆ ಬಂದಿರದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಎಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ಈಗಿನ ತೊಂದರೆ ತಿರುಗುಮುರುಗು, ಕೇಳುವುದಿಲ್ಲ ಎನ್ನುವುದಕ್ಕಿಂತ ಜಾಸ್ತಿ ಕೇಳುತ್ತದೆ ಎನ್ನುವುದೇ ಹೆಚ್ಚು. ಆದ್ದರಿಂದ ಒಳಗೆ ಹೋದ ತಕ್ಷಣ ಸ್ಪೀಕರ್ ಎಲ್ಲಿದೆ ನೋಡಿ, ಅದರ ಎದುರಿನ ಜಾಗ ಬಿಟ್ಟುಬಿಡಿ. ಆಮೇಲೆ ವೇದಿಕೆಯನ್ನು ಗಮನಿಸಿ. ನಡುವೆ ಗಾಯಕರು, ಹಿಂದೆ ತಂಬೂರಿ. ಸಾಮಾನ್ಯವಾಗಿ ನಮ್ಮ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು. ಇದು ಸುಮ್ಮನೆ ಬಂದ ಕ್ರಮವಲ್ಲ. ಹಾಗೆ ಕೂತಾಗ ಮೃದಂಗದ ಬಲ ಮುಖ, ಅಂದರೆ ನಾದದ ಸೂಕ್ಷ್ಮಗಳೆಲ್ಲ ಹೊಮ್ಮುವ ಮುಖ, ಸಭಿಕರ ಕಡೆ ತಿರುಗಿರುತ್ತದೆ. ಮೃದಂಗದವರು ಎಡಗೈಯವರಾದರೆ ಜಾಗ ಅದಲುಬದಲಾಗಬೇಕಾಗುತ್ತದೆ. ಎಡಗೈಯಲ್ಲಿ ನುಡಿಸುತ್ತಿದ್ದ ಪಳನಿ ಸುಬ್ರಹ್ಮಣ್ಯ ಪಿಳ್ಳೈಯವರಂಥ ಮಹಾವಿದ್ವಾಂಸರೂ ಇದೇ ಕಾರಣಕ್ಕೆ ಪಿಟೀಲಿನವರಿಂದ ತಕರಾರು ಎದುರಿಸಿದ್ದುಂಟು. ನಿಮಗೆ ಲಯದ ಕಡೆ ಒಲವಿದ್ದರೆ ಮೃದಂಗದ ಬದಿಗೆ ಕೂತುಕೊಳ್ಳಿ. ಆದರೆ ಯಾವ ಬದಿಗೆ ಕೂತರೂ ಗಾಯಕರ ತೊಡೆಯ ಮೇಲಿನ ಕೈ ಕಾಣುವಂತಿರಲಿ.

ಯಾಕೆಂದರೆ ಆ ಕೈಯೇ ನಿಮ್ಮ ಮೊದಲ ಗುರು. ರಾಗ ಗುರುತಿಸುವುದು ವರ್ಷಗಳ ಮಾತು. ತಾಳ ಹಿಡಿಯುವುದನ್ನು ಇವತ್ತೇ ಕಲಿಯಬಹುದು. ಹೆಚ್ಚಾಗಿ ಸಿಗುವುದು ಆದಿತಾಳ, ಎಂಟು ಎಣಿಕೆಯದು. ಅಂಗೈಯಿಂದ ತೊಡೆಗೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು. ಮತ್ತೆ ಒಂದು ಪೆಟ್ಟು, ಒಂದು ಹುಸಿ, ಅಂದರೆ ಅಂಗೈ ಮೇಲೆ ಮಾಡಿ ತಿರುವುವುದು. ಇನ್ನೊಂದು ಪೆಟ್ಟು, ಇನ್ನೊಂದು ಹುಸಿ. ಎಂಟಾಯಿತು, ಒಂದು ಆವರ್ತ ಮುಗಿಯಿತು. ಗಾಯಕರ ಕೈ ನೋಡುತ್ತ ನಿಮ್ಮ ಕೈಯೂ ಹಾಗೇ ಆಡಲಿ. ತಪ್ಪಿದರೆ ಗಾಬರಿ ಬೇಡ, ಅವರು ಮತ್ತೆ ಮೊದಲ ಪೆಟ್ಟಿಗೆ ಬಂದಾಗ ಸೇರಿಕೊಂಡರಾಯಿತು. ಹಾಡಿನ ಸಾಲು ಮೊದಲ ಪೆಟ್ಟಿನ ಮೇಲೇ ಶುರುವಾಗಬೇಕೆಂದೇನೂ ಇಲ್ಲ, ಎಷ್ಟೋ ಕೃತಿಗಳು ಪೆಟ್ಟು ಬಿದ್ದ ಸ್ವಲ್ಪ ಹೊತ್ತಿನ ಮೇಲೆ ಹೊರಡುತ್ತವೆ. ಅದು ಗೊತ್ತಿರದ ಹೊಸಬರು ತಾವೇ ತಪ್ಪಿದೆವೆಂದು ಕೈ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಕೆಲವು ಹಾಡುಗಳಲ್ಲಿ ಒಂದೊಂದು ಎಣಿಕೆಗೂ ಕೈ ಎರಡೆರಡು ಸಲ ಆಡುವುದು ಕಾಣುತ್ತದೆ, ಅದೇ ತಾಳದ ವಿಳಂಬ ನಡೆ ಅದು. ಏಳು ಎಣಿಕೆಯ ಮಿಶ್ರಛಾಪು, ಐದರ ಖಂಡಛಾಪು ಬಂದಾಗ ಬೆರಳಿಲ್ಲ, ಬರೀ ಪೆಟ್ಟು. ಸದ್ದು ಮಾತ್ರ ಮಾಡಬೇಡಿ. ತೊಡೆಯ ಮೇಲೆ ಪಟಪಟನೆ ತಾಳ ಹಾಕುವ ಪಕ್ಕದವರಷ್ಟು ಕಿರಿಕಿರಿ ಕಛೇರಿಯಲ್ಲಿ ಬೇರೊಂದಿಲ್ಲ, ಅದರಲ್ಲೂ ಅವರ ತಾಳ ತಪ್ಪುತ್ತಿದ್ದರೆ! ಇಷ್ಟು ಮಾಡಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಸಭೆಯಲ್ಲಿ ಹತ್ತಾರು ಕೈಗಳು ನಿಮ್ಮ ಕೈಯ ಜೊತೆಗೇ ಏಳುತ್ತಿವೆ, ಇಳಿಯುತ್ತಿವೆ. ಒಬ್ಬರೇ ಬಂದಿದ್ದೀರೆಂಬುದು ಅಲ್ಲಿಗೆ ಮರೆತಿರುತ್ತದೆ.

ಇನ್ನು ಕಛೇರಿಯ ಕ್ರಮ. ಇಂದು ನಾವು ಕೇಳುವ ಕ್ರಮವನ್ನು ಕಳೆದ ಶತಮಾನದ ಮೊದಲರ್ಧದಲ್ಲಿ ರೂಢಿಗೆ ತಂದ ಹಿರಿಮೆಯನ್ನು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರಿಗೆ ಸಲ್ಲಿಸುವುದುಂಟು. ಮೊದಲಿಗೆ ವರ್ಣ, ಆಮೇಲೆ ಚಿಕ್ಕ ಚಿಕ್ಕ ಕೃತಿಗಳು, ನಡುವೆ ಒಂದೆರಡು ರಾಗಗಳ ಆಲಾಪನೆ, ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ ಆ ದಿನದ ದೊಡ್ಡ ಕೃತಿ ಅಥವಾ ರಾಗ ತಾನ ಪಲ್ಲವಿ, ಅದರ ಬೆನ್ನಿಗೆ ತನಿ ಆವರ್ತನ (ತಾಳವಾದ್ಯದವರಷ್ಟೇ ನುಡಿಸುವ ಭಾಗ), ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ. ಒಟ್ಟು ಎರಡೂವರೆ ಮೂರು ಗಂಟೆ.

ಇದರಲ್ಲಿ ಹೊಸಬರು ಹೆದರುವುದು ಆಲಾಪನೆಗೆ. ಸಾಹಿತ್ಯವಿಲ್ಲ, ತಾಳವಿಲ್ಲ, ಗಾಯಕರು ಒಂದೇ ಸ್ವರದ ಸುತ್ತ ಸುಳಿಯುತ್ತ ಕೂತಿದ್ದಾರೆ ಅನ್ನಿಸುತ್ತದೆ. ಹೆಸರು ಹುಡುಕಬೇಡಿ, ಗಾಯಕರು ಎಲ್ಲಿ ನಿಲ್ಲುತ್ತಾರೆ ಅದನ್ನಷ್ಟೇ ಗಮನಿಸಿ. ತಂಬೂರಿಯ ಷಡ್ಜದಿಂದ ಹೊರಟು ಒಂದು ಸ್ವರದ ಮೇಲೆ ತಂಗುತ್ತಾರೆ, ಅದಕ್ಕೆ ಸುತ್ತುಬಂದು ಮುಂದಿನದಕ್ಕೆ ಏರುತ್ತಾರೆ, ತಾರ ಷಡ್ಜ ಮುಟ್ಟಿದಾಗ ಸಭೆಯಲ್ಲಿ ಒಂದು "ಭೇಷ್" ಕೇಳಬಹುದು. ಅದಾದ ಕೂಡಲೇ ಪಿಟೀಲಿನವರು ಅದೇ ರಾಗವನ್ನು ತಮ್ಮ ಸರದಿಯಲ್ಲಿ ಬೆಳೆಸುತ್ತಾರೆ. ಇದು ಹೊಸಬರಿಗೆ ಸಿಗುವ ಎರಡನೇ ಅವಕಾಶ. ಗಾಯನದಲ್ಲಿ ತಪ್ಪಿಹೋದ ತಂಗುದಾಣಗಳು ಪಿಟೀಲಿನಲ್ಲಿ ಸಿಗುತ್ತವೆ. ಈ ಹೊತ್ತಿನಲ್ಲಿ ಅನೇಕರು ಪಕ್ಕದವರ ಜೊತೆ ಹರಟೆಗಿಳಿಯುವುದನ್ನು ನೋಡುತ್ತೀರಿ. ಪಕ್ಕದಲ್ಲಿ ಪರಿಚಯದವರಿಲ್ಲದ ನಿಮಗೆ ಆ ತೊಂದರೆ ಇಲ್ಲ.

ರಾಗದ ಹೆಸರಿನ ವಿಷಯ ಹೇಳಿಯೇಬಿಡುತ್ತೇನೆ. ಹತ್ತು ರಾಗಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಐದೇ ಸ್ವರಗಳ ಮೋಹನದಿಂದ ಶುರುಮಾಡಿ. ಅದು ಕಿವಿಗೆ ನಿಂತ ಮೇಲೆ ಕಲ್ಯಾಣಿ ಮತ್ತು ಶಂಕರಾಭರಣ. ಇವೆರಡರ ನಡುವೆ ಇರುವ ವ್ಯತ್ಯಾಸ ಒಂದೇ ಸ್ವರದ್ದು, ಮಧ್ಯಮ. ಶಂಕರಾಭರಣದ ಶುದ್ಧ ಮಧ್ಯಮ ಕಲ್ಯಾಣಿಯಲ್ಲಿ ಪ್ರತಿಮಧ್ಯಮವಾಗುತ್ತದೆ. ಒಂದು ಸ್ವರ ಬದಲಾದರೆ ರಾಗದ ಮುಖವೇ ಬದಲಾಗುವುದು ನಿಮ್ಮ ಕಿವಿಗೆ ಕೇಳಿಸಿದ ದಿನ, ಉಳಿದ ರಾಗಗಳಿಗೆ ಅವಸರವಿಲ್ಲ.

ತನಿ ಆವರ್ತನ ಬಂತೆಂದರೆ ಸಭೆಯ ಒಂದು ಪಾಲು ಎದ್ದು ಕ್ಯಾಂಟೀನಿನ ಕಡೆ ನಡೆಯುತ್ತದೆ. ಇದು ನಮ್ಮ ಕಛೇರಿಗಳ ಹಳೇ ಕೆಟ್ಟ ಚಾಳಿ, ವಿದ್ವಾಂಸರೇ ಇದನ್ನು ನೊಂದುಕೊಂಡು ಹೇಳಿದ್ದಿದೆ. ಜೊತೆಗಾರರಿದ್ದರೆ ಅವರು ಎಳೆದಾರು, ನಿಮ್ಮನ್ನು ಎಳೆಯುವವರಿಲ್ಲ, ಕೂತೇ ಇರಿ. ತಾಳವನ್ನು ಈಗ ಗಾಯಕರು ಎತ್ತಿ ಕಾಣುವಂತೆ ಹಾಕುತ್ತಾರೆ, ಕೈ ಕೂಡಿಸಿಕೊಂಡರೆ ಸಾಕು. ಮೃದಂಗ ಒಂದಷ್ಟು ನುಡಿಸಿ ಬಿಡುತ್ತದೆ, ಘಟವೋ ಖಂಜಿರವೋ ಉತ್ತರ ಕೊಡುತ್ತದೆ. ಮೊದಲು ಉದ್ದುದ್ದ ಸರದಿಗಳು, ಬರಬರುತ್ತ ಅರ್ಧ, ಕಾಲು, ಒಂದೇ ಹಿಡಿಗೆ ಇಳಿದು ಕೊನೆಗೆ ಇಬ್ಬರೂ ಒಟ್ಟಿಗೆ ಧುಮುಕುತ್ತಾರೆ. ಮುಗಿಸುವ ಕೋರ್ವೆಯನ್ನು, ಅಂದರೆ ಲೆಕ್ಕ ಹಾಕಿ ಹೆಣೆದ ಲಯದ ಜೋಡಣೆಯನ್ನು, ಮೂರು ಸಲ ನುಡಿಸುತ್ತಾರೆ. ಮೊದಲ ಸಲ ಕೇಳಿ, ಎರಡನೇ ಸಲ ಎಣಿಸಿ, ಮೂರನೆಯದು ಮುಗಿಯುವ ಜಾಗದಲ್ಲಿ ಹಾಡಿನ ಸಾಲು ಬಂದು ಸರಿಯಾಗಿ ಕೂಡಿಕೊಳ್ಳುವುದನ್ನು ಕಾಯಿರಿ. ಮೊದಲ ಕಛೇರಿಯಲ್ಲಿ ಇದೊಂದು ದಕ್ಕಿದರೂ ಬಂದದ್ದು ಸಾರ್ಥಕ.

ಕನ್ನಡದವರು ಕೊನೆಯವರೆಗೂ ಕೂರಲು ಇನ್ನೊಂದು ಕಾರಣವಿದೆ. ತ್ಯಾಗರಾಜರು ಹೆಚ್ಚಾಗಿ ತೆಲುಗಿನಲ್ಲಿ, ದೀಕ್ಷಿತರು ಸಂಸ್ಕೃತದಲ್ಲಿ ರಚಿಸಿದವರು. ಮೈಸೂರು ವಾಸುದೇವಾಚಾರ್ಯರ ಕೃತಿಗಳೂ ಬಹುಪಾಲು ಆ ಎರಡು ಭಾಷೆಗಳಲ್ಲೇ ಇವೆ. ಪುರಂದರದಾಸರು, ಕನಕದಾಸರು ಬರುವುದು ಸಾಮಾನ್ಯವಾಗಿ ತನಿ ಮುಗಿದ ಮೇಲೆ. ಅಲ್ಲಿಯವರೆಗೆ ಬರೀ ನಾದವಾಗಿದ್ದ ಸಂಗೀತಕ್ಕೆ ಆಗ ಅರ್ಥವೂ ಸೇರುತ್ತದೆ.

ನಡವಳಿಕೆಯ ಮಾತು ನಾಲ್ಕೇ ನಾಲ್ಕು. ಚಪ್ಪಾಳೆ ಆಲಾಪನೆ ಮುಗಿದಾಗ, ಕೃತಿ ಮುಗಿದಾಗ. ಅನುಮಾನವಿದ್ದರೆ ಮುಂದಿನ ಸಾಲಿನವರು ತಟ್ಟಲಿ, ಆಮೇಲೆ ತಟ್ಟಿ. ಎದ್ದು ಹೋಗಬೇಕಾದರೆ ಎರಡು ಹಾಡುಗಳ ನಡುವೆ ಹೋಗಿ, ಹಾಗೆ ಹೋಗುವ ಅಂದಾಜಿದ್ದರೆ ಸಾಲಿನ ತುದಿಯ ಕುರ್ಚಿ ಹಿಡಿಯಿರಿ. ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಇಂಥದ್ದೇ ಹಾಡಿ ಎಂಬ ಚೀಟಿಯನ್ನು ವೇದಿಕೆಗೆ ಕಳಿಸುವ ಹಕ್ಕು ಮೊದಲ ವರ್ಷ ನಿಮಗಿಲ್ಲ ಎಂದುಕೊಳ್ಳಿ.

ರಾತ್ರಿ ವಾಪಸಾಗುವ ಚಿಂತೆ ಒಬ್ಬರೇ ಹೋಗುವವರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ನಿಜವಾದ ಚಿಂತೆ. ಬೆಂಗಳೂರಿನಲ್ಲಿ ಮೆಟ್ರೊ ಇದನ್ನು ಎಷ್ಟೋ ಹಗುರ ಮಾಡಿದೆ. ಗಾಯನ ಸಮಾಜಕ್ಕೆ ನ್ಯಾಷನಲ್ ಕಾಲೇಜು ನಿಲ್ದಾಣ, ಕೋಟೆ ಹೈಸ್ಕೂಲಿಗೆ ಕೆ.ಆರ್. ಮಾರ್ಕೆಟ್ ನಿಲ್ದಾಣ ಹತ್ತಿರ. ನಿಲ್ದಾಣದವರೆಗಿನ ದಾರಿಯನ್ನು ಬೆಳಕಿರುವಾಗಲೇ ಒಮ್ಮೆ ನಡೆದು ನೋಡಿಕೊಂಡಿರಿ. ಇದೂ ಸರಿಬಾರದಿದ್ದರೆ ಬೆಳಗಿನ ಕಛೇರಿಗಳೂ ಇರುತ್ತವೆ, ಭಾನುವಾರದ ಪತ್ರಿಕೆಯ ಕಾರ್ಯಕ್ರಮಗಳ ಪಟ್ಟಿ ನೋಡಿ.

ಧಾರವಾಡದ ಕಡೆಯವರು ಇಷ್ಟು ಹೊತ್ತೂ ನನ್ನ ಮೇಲೆ ಮುನಿಸಿಕೊಂಡಿರಬಹುದು. ಹಿಂದೂಸ್ತಾನಿ ಬೈಠಕ್ಕಿನ ಲೆಕ್ಕವೇ ಬೇರೆ, ಒಂದು ರಾಗಕ್ಕೇ ಒಂದು ಗಂಟೆ ಹೋಗಬಹುದು, ತಾಳವನ್ನು ಗಾಯಕರ ಕೈಯಲ್ಲಲ್ಲ, ತಬಲಾ ಮತ್ತೆ ಮತ್ತೆ ನುಡಿಸುವ ಠೇಕಾದಲ್ಲಿ ಹಿಡಿಯಬೇಕು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಹೆಸರುವಾಸಿ. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಅವರ ಪುಣ್ಯತಿಥಿಗೆ ಸಂಗೀತ ನಡೆಯುತ್ತದೆ. ಮೋಹನ ಕೇಳಿದ ಕಿವಿಗೆ ಅಲ್ಲಿನ ಭೂಪ ಹೊಸದೆನಿಸುವುದಿಲ್ಲ, ಕಲ್ಯಾಣಿ ಬಲ್ಲವರಿಗೆ ಯಮನ್ ಕೂಡ ಹಾಗೆಯೇ.

ಒಂದು ಪ್ರಶ್ನೆಗೆ ಮಾತ್ರ ಸಿದ್ಧರಾಗಿ ಹೋಗಿ. ಎರಡು ಹಾಡುಗಳ ನಡುವೆ ಪಕ್ಕದ ಹಿರಿಯರು ವಾಲಿ ಕೇಳುತ್ತಾರೆ: "ನೀವೂ ಹಾಡ್ತೀರಾ?" ಇಲ್ಲ, ಕೇಳೋಕೆ ಬಂದಿದ್ದೀನಿ ಅನ್ನಿ. ಅವರಿಗೆ ಅದಕ್ಕಿಂತ ಸಂತೋಷದ ಉತ್ತರ ಬೇರೆ ಇಲ್ಲ. ಮುಂದಿನ ವಾರ ಎಲ್ಲಿ ಯಾರ ಕಛೇರಿ ಎಂಬುದೂ ಅವರಿಂದಲೇ ತಿಳಿಯುತ್ತದೆ. ಅದರಲ್ಲಿ ವೀಣೆಯದು ಇದ್ದರೆ ತಪ್ಪಿಸಬೇಡಿ. ವೀಣೆ ಶೇಷಣ್ಣನವರು, ದೊರೆಸ್ವಾಮಿ ಅಯ್ಯಂಗಾರ್ಯರು ಬೆಳೆಸಿದ ಮೈಸೂರು ಬಾನಿಯ ವೀಣೆಯನ್ನು ಆದಷ್ಟು ಹತ್ತಿರದಿಂದ ಕೇಳಬೇಕು, ಮೈಕಿಗಿಂತ ತಂತಿಯ ನಾದವೇ ಮೊದಲು ಕಿವಿಗೆ ಬರುವಷ್ಟು. ಅದಕ್ಕೆ ಮುಂದಿನ ಸಾಲು ಬೇಕು. ಒಬ್ಬರಿಗಾದರೆ ಅಲ್ಲಿ ಜಾಗ ಆಗುತ್ತದೆ.